ಪಾಚಿಗೊಬ್ಬ ಕಾವಲುಗಾರ

ಮೊನ್ನೆ ಬೀರುವಿನಲ್ಲಿ ವೋಟರ್ ಕಾರ್ಡು ಹುಡುಕುತ್ತಿದ್ದಾಗ ಒಂದು ಖಾಲಿ ಪ್ಲಾಸ್ಟಿಕ್ ಕವರ್ ಕೈಗೆ ಸಿಕ್ಕಿತು. ಅದಕ್ಕೆ ಪಿನ್ ಹೊಡೆದ ಒಂದು ಚೀಟಿ. ಚೀಟಿಯ ಮೇಲೆ ನನ್ನದೇ ಅಕ್ಷರದಲ್ಲಿ, ‘ಆಪಾದಿತರಿಂದ ವಶಪಡಿಸಿಕೊಂಡ ಹಲ್ಲುಜ್ಜುವ ಬ್ರಷ್ಷು, ಒಂದು’ ಎಂದು ಬರೆದಿತ್ತು. ಕೆಳಗೆ ತಾರೀಖು, ಅದರ ಕೆಳಗೆ ನನ್ನ ಸಹಿ. ಯಾರಾದರೂ ನೋಡಿದರೆ ನಾನು ಪೊಲೀಸ್ ಇಲಾಖೆಯವನೆಂದು ತಿಳಿದಾರು. ಅಲ್ಲ. ಗುಬ್ಬಿಯ ಒಂದು ಕಚೇರಿಯಲ್ಲಿ ಕೂತು, ಜನ ಒತ್ತಿದ ಹೆಬ್ಬೆಟ್ಟನ್ನೂ ಹಾಕಿದ ಸಹಿಯನ್ನೂ ಹಳೇ ಕಾಗದಗಳ ಜೊತೆ ಹೋಲಿಸಿ ನೋಡುವ ಗುಮಾಸ್ತ. ದಿನವಿಡೀ ಅನುಮಾನ ಪಡುವುದಕ್ಕೆ ಸರ್ಕಾರ ನನಗೆ ಸಂಬಳ ಕೊಡುತ್ತದೆ. ಸಂಜೆ ತುಮಕೂರಿಗೆ ವಾಪಸು ಬಂದ ಮೇಲೆ ಸಂಬಳವಿಲ್ಲದೆ ಅದನ್ನೇ ಮುಂದುವರಿಸುತ್ತೇನೆ.

ಇದು ನಮ್ಮ ವಂಶದಲ್ಲೇ ಬಂದದ್ದು. ಬೆಳ್ಳಾವಿಯಲ್ಲಿದ್ದ ನಮ್ಮಪ್ಪ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬೀದಿ ಕೊನೆಯವರೆಗೂ ಹೋಗಿ, ಅಲ್ಲಿಂದ ವಾಪಸು ಬಂದು ನಾಲ್ಕನೇ ಸಲ ಜಗ್ಗುತ್ತಿದ್ದವರು. ಸುಗ್ಗಿಯಲ್ಲಿ ಕಣದಲ್ಲಿ ರಾಗಿ ರಾಶಿ ಹಾಕಿದ ಮೇಲೆ ಅದರ ಸುತ್ತ, ಅದರ ಮೈಮೇಲೆ, ಬೂದಿಯಲ್ಲಿ ಗೆರೆ ಎಳೆಯುವ ರೂಢಿ ನಮ್ಮ ಕಡೆ ಇತ್ತು. ಯಾರಾದರೂ ಒಂದು ಮೊರ ತೆಗೆದರೂ ಗೆರೆ ಜಾರಿ ಗೊತ್ತಾಗುತ್ತದೆ. ಬೇರೆಯವರು ಶಾಸ್ತ್ರಕ್ಕೆ ನಾಲ್ಕು ಗೆರೆ ಎಳೆದರೆ ನಮ್ಮಪ್ಪ ಇಡೀ ರಾಶಿಗೆ ವಿಭೂತಿ ಬಳಿದ ಹಾಗೆ ಎಳೆಯುತ್ತಿದ್ದರು. ಬೆಳಿಗ್ಗೆ ಎದ್ದವರೇ ಗೆರೆಗಳನ್ನೆಲ್ಲ ಬಗ್ಗಿ ನೋಡಿ, ಒಂದು ಕೋಳಿ ಕೆದಕಿದ್ದರೂ ಊರಿನ ಅರ್ಧ ಜನವನ್ನು ಮನಸ್ಸಿನಲ್ಲೇ ವಿಚಾರಣೆ ಮಾಡಿ ಮುಗಿಸುತ್ತಿದ್ದರು. ಅವರ ಮಗನಾದ ನಾನು ಗಾಜಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಗಾಜು ಎಂದೆನಲ್ಲ, ಅದು ಮೀನಿನ ತೊಟ್ಟಿಯ ಗಾಜು. ಅದೂ ಉಪ್ಪುನೀರಿನ ತೊಟ್ಟಿ. ತುಮಕೂರಿಗೂ ಸಮುದ್ರಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಐವತ್ತು ದಾಟಿದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಹುಚ್ಚು ಹಿಡಿಯುತ್ತದೆ, ನನಗೆ ಇದು ಹಿಡಿಯಿತು. ಫಿಲ್ಟರ್ ನೀರಿಗೆ ಪ್ಯಾಕೆಟ್ಟಿನ ಸಮುದ್ರದ ಉಪ್ಪು ಕಲಸಿ, ಅದಕ್ಕೆಂದೇ ಇರುವ ಅಳತೆಯ ಉಪಕರಣದಲ್ಲಿ ನೋಡಿ ಹದ ಮಾಡಬೇಕು. ನಮ್ಮಮ್ಮ ಬಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿಕೊಂಡು, “ಉಪ್ಪು ಒಂಚೂರು ಮುಂದಾಗೈತೆ ಕಣ್ಲಾ” ಎಂದರು. ಉಪಕರಣವೂ ಅದನ್ನೇ ಹೇಳುತ್ತಿತ್ತು. ಅಂದಿನಿಂದ ನನಗೆ ಆ ಉಪಕರಣದ ಮೇಲೆ ಗೌರವ ಸ್ವಲ್ಪ ಕಡಿಮೆಯಾಯಿತು.

ಮೊದಲು ತಂದದ್ದು ಒಂದು ನೀಲಿ ಮೀನು. ಬೆರಳಿನಷ್ಟಿದೆ, ಜಗಳಗಂಟ. ಅದರ ಆಹಾರದ ಡಬ್ಬಿಯನ್ನು ಅಮ್ಮ ಮೂಸಿ ನೋಡಿದರು. ನಮ್ಮದು ಬೆಳಿಗ್ಗೆ ಎದ್ದು ಲಿಂಗಪೂಜೆಯಾಗದೆ ಕಾಫಿ ಮುಟ್ಟದ ಮನೆ.

“ಇದ್ರಲ್ಲಿ ಮೀನೈತೆ.”

“ಕಾಳು ಕಣಮ್ಮ ಅದು. ಎಲ್ಲಾ ಹಿಟ್ಟು.”

“ಹಿಟ್ಟು ಹಿಂಗೆ ನಾರ್ತದಾ? ಯಾರ್ಗೇಳ್ತೀಯ ನೀನು?”

ಅನುಮಾನ ನಮ್ಮ ಮನೆಯಲ್ಲಿ ಗಂಡಸರ ಸ್ವತ್ತೇನಲ್ಲ. ಡಬ್ಬಿ ಮಹಡಿಯ ಮೇಲಿನ ಗೂಡಿಗೆ ಹೋಯಿತು. ಇನ್ನೊಂದು ಮೀನು ತರುವುದಾದರೆ ಅದು ಸಸ್ಯಾಹಾರಿಯಾಗಿರಬೇಕು ಎಂದು ಅಮ್ಮ ಷರತ್ತು ಹಾಕಿದರು. ಜನ ಬಣ್ಣ ನೋಡಿ ಮೀನು ತರುತ್ತಾರೆ, ಆಕಾರ ನೋಡಿ ತರುತ್ತಾರೆ. ಆಚಾರ ನೋಡಿ ತಂದವನು ನಾನೊಬ್ಬನೇ ಇರಬೇಕು.

ಬೆಂಗಳೂರಿನ ಅಂಗಡಿಯವನಿಗೆ ಇದನ್ನು ಹೇಳಿದಾಗ ಅವನು ನಗಲಿಲ್ಲ. ಕಂದು ಬಣ್ಣದ ಒಂದು ಗಿಡ್ಡ ಮೀನು ತೋರಿಸಿದ. ಬ್ಲೆನ್ನಿ ಅಂತ ಜಾತಿ. ಕಲ್ಲಿನ ಮೇಲೆ ಎರಡು ರೆಕ್ಕೆ ಊರಿ ಕೂತು, ಕಣ್ಣುಗುಡ್ಡೆಗಳನ್ನು ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ನೋಡುತ್ತಿತ್ತು. ಕಾಪಿ ಹೊಡೆಯುವವರನ್ನು ಹಿಡಿಯಲು ಕೂತ ಪರೀಕ್ಷಾ ಕೊಠಡಿಯ ಮೇಷ್ಟ್ರ ಹಾಗೆ. ನೋಡಿದ ಕೂಡಲೇ ಇವನು ನಮ್ಮವನೇ ಅನ್ನಿಸಿತು.

“ಸಾರ್, ಇದು ಪಾಚಿ ಬಿಟ್ರೆ ಬೇರೆ ಏನೂ ಮುಟ್ಟಲ್ಲ” ಎಂದ ಅಂಗಡಿಯವನು. “ನಿಮ್ಮನೇಲಿ ಪಾಚಿ ಚೆನ್ನಾಗಿದ್ಯಾ?”

ನನ್ನ ಮನೆಯಲ್ಲಿ ಪಾಚಿ ಚೆನ್ನಾಗಿದೆಯೇ ಎಂದು ಇಷ್ಟು ಮರ್ಯಾದೆಯಿಂದ ಯಾರೂ ಕೇಳಿರಲಿಲ್ಲ. ಇದೆ ಎಂದು ಸುಳ್ಳು ಹೇಳಿದೆ. ಮೀನು ಮನೆಗೆ ಬಂತು. ಅಮ್ಮ ಅದರ ಮುಖ ನೋಡಿ “ಮೇಷ್ಟ್ರು” ಎಂದೇ ಕರೆದರು. ಪಾಚಿ ತಿಂದು ಬದುಕುವ ಪ್ರಾಣಿ ಎಂದು ತಿಳಿದ ಮೇಲೆ, “ಪಾಪ, ನಮ್ಮೋರು” ಎಂದರು.

ನಿಜ ಹೇಳಬೇಕೆಂದರೆ ನಮ್ಮ ಮನೆಯಲ್ಲಿ ಪಾಚಿಯೇ ಇರಲಿಲ್ಲ. ಅಮ್ಮ ಇರುವ ಕಡೆ ಪಾಚಿ ಇರುವುದಿಲ್ಲ. ಬಚ್ಚಲ ಮೂಲೆ, ಸಂಪಿನ ಅಂಚು, ತುಳಸಿಕಟ್ಟೆಯ ಬುಡ, ಎಲ್ಲವನ್ನೂ ಎಪ್ಪತ್ತಾರನೇ ವಯಸ್ಸಿನಲ್ಲೂ ಕೂತು ಉಜ್ಜುತ್ತಾರೆ. ಹೆಂಡತಿ ಗಿರಿಜ ಎಷ್ಟು ಬೇಡವೆಂದರೂ ಕೇಳುವುದಿಲ್ಲ. ಇಂಥ ಮನೆಯಲ್ಲಿ ನಾನು ಪಾಚಿ ಬೇಸಾಯಕ್ಕೆ ಇಳಿದೆ.

ಅದು ಬೇಸಾಯವೇ. ಮಹಡಿಯ ಮೇಲೆ ಒಂದು ಟಬ್ಬಿನಲ್ಲಿ ಉಪ್ಪುನೀರು ತುಂಬಿ, ಅದರಲ್ಲಿ ಚಪ್ಪಟೆ ಕಲ್ಲುಗಳನ್ನು ಮುಳುಗಿಸಿ ಬಿಸಿಲಿಗಿಟ್ಟೆ. ಮೀನಿನ ತೊಟ್ಟಿಯಿಂದ ತೆಗೆದ ಕೊಳೆನೀರೇ ಗೊಬ್ಬರ. ಎಂಟು ಹತ್ತು ದಿನಕ್ಕೆ ಕಲ್ಲಿನ ಮೇಲೆ ತೆಳ್ಳಗೆ ಹಸಿರು ಕೂರುತ್ತದೆ. ಹಾಗೆ ಬೆಳೆದ ಕಲ್ಲನ್ನು ಸಂಜೆ ತೊಟ್ಟಿಯೊಳಗೆ ಹಿಂಬದಿಯಲ್ಲಿ ಇಟ್ಟು, ಮೇಯ್ದ ಕಲ್ಲನ್ನು ಮತ್ತೆ ಬಿಸಿಲಿಗೆ ಇಡಬೇಕು. ತೊಟ್ಟಿಯ ಹಿಂದಿನ ಗಾಜನ್ನು ಉಜ್ಜದೆ ಬಿಡಬೇಕು, ಮುಂದಿನ ಗಾಜನ್ನು ಮಾತ್ರ ಒರೆಸಬೇಕು. ದೀಪ ಎಂಟು ಗಂಟೆ ಉರಿದರೆ ಹಸಿರು, ಹನ್ನೆರಡು ಗಂಟೆ ಉರಿದರೆ ಕೂದಲಿನಂಥ ಪಾಚಿ. ಅದನ್ನು ಮೇಷ್ಟ್ರೂ ಮೂಸುವುದಿಲ್ಲ. ಗೊಬ್ಬರ ಹೆಚ್ಚಾದರೆ ಕೆಂಪು ಲೋಳೆ ಹಬ್ಬುತ್ತದೆ. ರಾಗಿ ಹೊಲದಲ್ಲಿ ಅಪ್ಪ ಕಳೆ ಕೀಳುವುದು ಕಲಿಸಲು ನೋಡಿದಾಗ ಓಡಿಹೋಗುತ್ತಿದ್ದ ನಾನು, ಈಗ ಚಿಮುಟ ಹಿಡಿದು ಕೂದಲು ಪಾಚಿಯ ಕಳೆ ಕೀಳುತ್ತಾ ಕೂತಿರುತ್ತಿದ್ದೆ. ಗಿರಿಜ ಹೋಗಿಬರುವವರಿಗೆಲ್ಲ, “ನಮ್ಮೆಜಮಾನ್ರು ಪಾಚಿ ಹಾಕಿದಾರೆ, ಈ ಸಲ ಬೆಳೆ ಪರವಾಗಿಲ್ಲ” ಎನ್ನುತ್ತಿದ್ದಳು.

ಹೀಗಿರುವಾಗ ಕಳವು ಶುರುವಾಯಿತು.

ಸಂಜೆ ಇಟ್ಟ ಹಸಿರು ಕಲ್ಲು ಬೆಳಿಗ್ಗೆ ಬೋಳು. ಮೇಷ್ಟ್ರು ತಿಂದಿರಬಹುದೇ ಎಂದರೆ ಅವರು ಹಿಂದಿನ ಕಲ್ಲುಗಳ ಕಡೆ ಹೋಗುವುದೇ ಇಲ್ಲ. ಮುಂದಿನ ಎಡಮೂಲೆಯಲ್ಲಿ ಒಂದು ಕಲ್ಲಿದೆ, ಅದೇ ಅವರ ಕುರ್ಚಿ. ಹಿಂದಿನ ಗಾಜಿನ ಹಸಿರೂ ಅಲ್ಲಲ್ಲಿ ಪಟ್ಟಿ ಪಟ್ಟಿಯಾಗಿ ಮಾಯವಾಗತೊಡಗಿತು. ನಾನು ಗಾಜಿನ ಹೊರಗಡೆ ಮಾರ್ಕರಿನಲ್ಲಿ, ಹಸಿರು ಎಲ್ಲಿಯವರೆಗಿದೆಯೋ ಅಲ್ಲಿಗೆ ಗೆರೆ ಎಳೆದೆ. ಮಾರನೇ ದಿನ ಹಸಿರು ಗೆರೆಯಿಂದ ಎರಡು ಬೆರಳು ಹಿಂದಕ್ಕೆ ಸರಿದಿತ್ತು. ಸಿಟ್ಟು ಬಂತು. ಒಳಗೊಳಗೆ ಒಂಥರಾ ಖುಷಿಯೂ ಆಯಿತು ಎಂದು ನಿಮ್ಮ ಹತ್ತಿರ ಮುಚ್ಚಿಡುವುದೇಕೆ? ಅನುಮಾನ ನಿಜವಾದಾಗಿನ ಸುಖ ಅನುಮಾನದವರಿಗೇ ಗೊತ್ತು.

ಮೊದಲು ಅಂಗಡಿಯವನ ಮೇಲೆ ಗುಮಾನಿ ಬಂತು, ಉಪ್ಪಿನಲ್ಲಿ ಏನೋ ಬೆರೆಸಿದ್ದಾನೆಂದು. ಆಮೇಲೆ ಗಿರಿಜಳ ಮೇಲೆ, ಹಗಲು ಹೊತ್ತು ದೀಪ ಯಾಕೆಂದು ಆರಿಸುತ್ತಿದ್ದಾಳೆಂದು. ನೀಲಿ ಮೀನಿನ ಮೇಲೂ ಬಂತು. ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ತೊಟ್ಟಿಯ ಸ್ಟ್ಯಾಂಡಿನ ಹಿಂದೆ ಗುಡಿಸುವಾಗ ಹಳದಿ ಹಿಡಿಯ ಹಲ್ಲುಜ್ಜುವ ಬ್ರಷ್ಷು ಸಿಕ್ಕಿತು. ಪೂಜೆ ಪಾತ್ರೆಯ ಸಂದುಗೊಂದು ಉಜ್ಜಲು ಅಮ್ಮ ಇಟ್ಟುಕೊಂಡಿದ್ದ ಹಳೇ ಬ್ರಷ್ಷು ಅದು. ಎಳೆಗಳ ತುದಿಯಲ್ಲಿ ಹಸಿರು ಇನ್ನೂ ಅಂಟಿತ್ತು.

ಅದನ್ನು ಕವರಿಗೆ ಹಾಕಿದೆ. ಚೀಟಿ ಬರೆದು ಪಿನ್ ಹೊಡೆದೆ. ಇಷ್ಟೆಲ್ಲ ಆದ ಮೇಲೆ ಅಮ್ಮನನ್ನು ಕರೆದೆ. ಕೇಳಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಕೇಳಲಿಲ್ಲ, ಹೇಳಿದೆ.

“ಅಮ್ಮ, ಪಾಚಿ ಉಜ್ತಿರೋದು ನೀನೇ.”

“ನಾನ್ಯಾಕ್ಲಾ ಉಜ್ಲಿ?”

“ನಿನ್ ಕೈ ಸುಮ್ನಿರಲ್ಲ. ಹಸ್ರು ಕಂಡ್ರೆ ತಡ್ಕೊಳಕ್ಕಾಗಲ್ಲ ನಿನಗೆ. ಆ ಮೀನು ಉಪವಾಸ ಸಾಯ್ತದೆ, ಗೊತ್ತಾ? ಮತ್ತೆ ಇದೇನು?” ಎಂದು ಕವರ್ ಎತ್ತಿ ತೋರಿಸಿದೆ.

ಅಮ್ಮ ಕವರನ್ನು ನೋಡಿದರು. ಕೈಗೆ ತೆಗೆದುಕೊಳ್ಳಲಿಲ್ಲ.

“ಅವತ್ತು ಉಜ್ಜಿಲ್ಲ ಅಂದ್ರು. ಇವತ್ತು ನೀನು ಉಜ್ಜಿದೀಯ ಅಂತೀಯ. ಆಗ್ಲಿ ಬುಡು.”

ಅಷ್ಟೇ ಹೇಳಿ ಒಳಗೆ ಹೋದರು. ಮಾರನೇ ದಿನ ಕುಣಿಗಲ್ಲಿನ ನನ್ನ ತಂಗಿ ನಾಗರತ್ನಳ ಮನೆಗೆ ಹೊರಟರು. ಬಸ್ಸು ಹತ್ತಿಸಲು ಹೋದ ನನ್ನ ಕೈಗೆ ಬ್ಯಾಗು ಕೊಡಲಿಲ್ಲ.

ಅವತ್ತು ಎಂದರೆ ಯಾವತ್ತು ಎಂದು ಬಸ್ಸು ಹೋದ ಮೇಲೆ ನನಗೆ ಹೊಳೆಯಿತು. ಆ ಕಥೆ ನಾನು ಹುಟ್ಟುವುದಕ್ಕೆ ಮುಂಚಿನದು. ಅಮ್ಮ ಮದುವೆಯಾಗಿ ಬೆಳ್ಳಾವಿಗೆ ಬಂದು ಆರು ತಿಂಗಳಾಗಿತ್ತಂತೆ. ಮಳೆಗಾಲ. ಬಚ್ಚಲ ಕಲ್ಲಿನ ಮೇಲೆ ಪಾಚಿ ಕಟ್ಟಿತ್ತು. ನಮ್ಮಜ್ಜಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಮತ್ತೆ ಏಳಲಿಲ್ಲ. ಹೊಸ ಸೊಸೆ ಬೇಕೆಂದೇ ಕಲ್ಲು ಉಜ್ಜದೆ ಬಿಟ್ಟಳು ಎಂದು ನಮ್ಮ ಸೋದರತ್ತೆಯರು ಆಡಿಕೊಂಡರು. ಹಿಂದಿನ ದಿನ ತಾನು ಉಜ್ಜಿದ್ದೆ ಎಂದು ಅಮ್ಮ ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅಪ್ಪ ಏನೂ ಅನ್ನಲಿಲ್ಲವಂತೆ. ಆದರೆ ನನಗೆ ಬುದ್ಧಿ ಬಂದಾಗಿನಿಂದ ನೋಡಿದ್ದೇನೆ, ಅಪ್ಪ ಸಂಜೆ ಕೈಕಾಲು ತೊಳೆಯಲು ಹೋದಾಗ ಬಗ್ಗಿ ಬಚ್ಚಲ ಕಲ್ಲಿನ ಮೇಲೆ ಒಂದು ಬೆರಳು ಎಳೆದು ಆ ಬೆರಳನ್ನು ನೋಡಿಕೊಳ್ಳುತ್ತಿದ್ದರು. ನಾನು ಅದು ಏನೋ ಅವರ ಅಭ್ಯಾಸ ಅಂದುಕೊಂಡಿದ್ದೆ. ಅಮ್ಮ ಒಲೆಯ ಮುಂದೆ ಕೂತು ಅದನ್ನು ದಿನವೂ ನೋಡುತ್ತಿದ್ದರು. ನಾನೂ ಬೆಳಿಗ್ಗೆ ತೊಟ್ಟಿಯ ಗಾಜಿನ ಮೇಲೆ ಬೆರಳು ಎಳೆದು ನೋಡುತ್ತಿದ್ದೆ ಎಂಬುದು ನೆನಪಾಗಿ ಬಸ್‌ಸ್ಟ್ಯಾಂಡಿನಲ್ಲೇ ನನಗೆ ನಾಚಿಕೆಯಾಯಿತು.

ನಾಚಿಕೆಯಾದ ಮಾತ್ರಕ್ಕೆ ಅನುಮಾನ ಹೋಗುತ್ತದೆಯೇ? ಪಾಪ, ಅಮ್ಮ ಉಜ್ಜಿದ್ದರೂ ತಪ್ಪೇನು, ಹಳೇ ನೋವು, ಎಂದು ಅವರನ್ನು ಕ್ಷಮಿಸಿಬಿಟ್ಟೆ. ಮಾಡದ ತಪ್ಪನ್ನು ಕ್ಷಮಿಸುವುದು ಆಪಾದನೆಗಿಂತ ದೊಡ್ಡ ಅವಮಾನ ಎಂದು ಆಗ ತಿಳಿದಿರಲಿಲ್ಲ.

ಅಮ್ಮ ಹೋದ ಮೇಲೂ ಕಲ್ಲು ಬೋಳಾಗುತ್ತಲೇ ಇತ್ತು.

ಆ ವಾರದ ಶನಿವಾರ ಲೈನ್ ಕೆಲಸವೆಂದು ಮಧ್ಯಾಹ್ನವೇ ಕರೆಂಟು ತೆಗೆದರು. ಹೊರಗೆ ಮೋಡ ಕವಿದಿತ್ತು. ಹಜಾರದಲ್ಲಿ ಪರದೆ ಎಳೆದು ಮಲಗಿದ್ದ ನಾನು ಎದ್ದು ಟಾರ್ಚು ಹಾಕಿ ತೊಟ್ಟಿಯೊಳಗೆ ನೋಡಿದೆ. ಹಿಂದಿನ ಕಲ್ಲಿನ ಮೇಲೆ ನಿಂಬೆಹಣ್ಣಿನ ಗಾತ್ರದ ಒಂದು ಬಸವನಹುಳು ಕೂತು ಹಸಿರನ್ನು ಸಾವಕಾಶವಾಗಿ ಬೋಳಿಸುತ್ತಿತ್ತು. ಅದು ಹೋದಲ್ಲೆಲ್ಲ ಕಲ್ಲು ಬೆಳ್ಳಗೆ. ಅಂಗಡಿಯಿಂದ ತಂದ ದೊಡ್ಡ ಕಲ್ಲಿನ ಪೊಟರೆಯೊಳಗೆ ಕೂತು ಬಂದದ್ದು, ಬೆಳಕಿರುವಾಗ ಒಳಗಿದ್ದು ಕತ್ತಲಾದಾಗ ಮೇಯಲು ಬರುತ್ತಿತ್ತು. ನಾನು ಊರೆಲ್ಲ ಅನುಮಾನಿಸಿದ್ದೆ, ಆ ಕಲ್ಲಿನ ಪೊಟರೆಯೊಂದನ್ನು ಬಿಟ್ಟು.

ಟಾರ್ಚು ಹಿಡಿದುಕೊಂಡೇ ಗಿರಿಜಳನ್ನು ಕರೆದು ತೋರಿಸಿದೆ. ಅವಳು ನೋಡಿದಳು. “ನಿಮ್ಮ ಆಪಾದಿತರು ಸಿಕ್ಕಿದ್ರು ಬಿಡಿ” ಎಂದಳು.

“ಮತ್ತೆ ಆ ಬ್ರಷ್ಷು? ಅದ್ರಲ್ಲಿ ಹಸ್ರಿತ್ತಲ್ಲ?”

ಗಿರಿಜ ನನ್ನನ್ನೇ ನೋಡಿದಳು. “ನೀಲಿ ಮೀನು ಮೇಷ್ಟ್ರನ್ನ ಹಿಂದಕ್ಕೆ ಹೋಗಕ್ಕೆ ಬಿಡಲ್ಲ ರೀ. ಹೋದ್ರೆ ಕಚ್ಚಿ ಅಟ್ಟುತ್ತೆ. ನೀವು ಗುಬ್ಬಿಗೆ ಹೋದ್ಮೇಲೆ ಅತ್ತೆ ದಿನಾ ಹಿಂದಿನ ಗಾಜಿಂದ ಬ್ರಷ್ಷಲ್ಲಿ ಹಸ್ರು ಎತ್ತಿ, ಮೇಷ್ಟ್ರು ಕೂರೋ ಕಲ್ಲಿಗೆ ಹಚ್ಚಿ ತಿನ್ನಿಸ್ತಿದ್ರು. ತಬ್ಬಲಿ ಮೇಕೆಮರಿಗೆ ಬಾಯಿಗೆಟುಕೋ ಹಂಗೆ ಸೊಪ್ಪು ಕಟ್ತಾರಲ್ಲ, ಹಂಗೆ.”

“ನನಗ್ಯಾಕೆ ಹೇಳ್ಲಿಲ್ಲ?”

“‘ಹೇಳ್ಬ್ಯಾಡ ಕಣಮ್ಮ, ತಾನೇ ಬೆಳೆಸ್ದೆ, ತಾನೇ ಸಾಕ್ದೆ ಅಂತ ಖುಷಿಯಾಗವ್ನೆ’ ಅಂದಿದ್ರು. ಆಮೇಲೆ ನೀವು ಕೇಳಿದ್ರಾ ಯಾರನ್ನಾದ್ರೂ? ಚೀಟಿ ಬರ್ದ್ರಿ.”

ಬಸವನಹುಳುವನ್ನು ಒಂದು ಹಸಿರು ಕಲ್ಲಿನ ಸಮೇತ ಮಹಡಿಯ ಇನ್ನೊಂದು ಟಬ್ಬಿಗೆ ವರ್ಗಾಯಿಸಿದೆ. ವಾರ ಕಳೆದರೂ ಕಲ್ಲುಗಳು ಹಸಿರಾಗಿಯೇ ಉಳಿದವು. ಇಷ್ಟು ಒಳ್ಳೆಯ ಬೆಳೆ ನನಗೆ ಯಾವತ್ತೂ ಬಂದಿರಲಿಲ್ಲ. ಆದರೆ ಮೇಷ್ಟ್ರ ಹೊಟ್ಟೆ ಒಳಕ್ಕೆ ಹೋಗಿತ್ತು. ಅಮ್ಮ ಹೋಗಿ ಹನ್ನೆರಡು ದಿನವಾಗಿತ್ತು, ಅಷ್ಟು ದಿನವೂ ಅವರಿಗೆ ಬಡಿಸುವವರಿರಲಿಲ್ಲ. ನಾನು ಹಸಿರು ಕಲ್ಲನ್ನು ಮುಂದಕ್ಕೆ ಇಟ್ಟರೆ ನೀಲಿ ಮೀನೂ ಮುಂದಕ್ಕೆ ಬಂತು. ಹೊಸ ಬ್ರಷ್ಷು ತಂದು ಗಾಜಿನ ಹಸಿರು ಎತ್ತಿ ಹಚ್ಚಲು ಹೋದರೆ, ನನ್ನ ಕೈ ನೀರಿಗಿಳಿದದ್ದೇ ತಡ, ಮೇಷ್ಟ್ರು ಸಂದಿಗೆ ಹೊಕ್ಕರು. ನಾನು ಗಾಜಿನಿಂದ ದೂರ ಸರಿದ ಮೇಲೂ ಬಹಳ ಹೊತ್ತು ಹೊರಗೆ ಬರಲಿಲ್ಲ. ಅವರಿಗೆ ನನ್ನ ಮೇಲೆ ಅನುಮಾನ.

ಭಾನುವಾರ ಬೆಳಿಗ್ಗೆ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಕರಡು ಬರೆದು ತಿದ್ದಿದೆ. ನಾಗರತ್ನಳ ಮನೆಯ ಜಗುಲಿಯಲ್ಲಿ ಅಮ್ಮ ಮೊರದಲ್ಲಿ ಹುರುಳಿಕಾಳು ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ನನ್ನನ್ನು ನೋಡಿ ತಲೆ ಬಗ್ಗಿಸಿಕೊಂಡರು. ಕರಡೆಲ್ಲ ಮರೆತುಹೋಯಿತು.

“ಬಸವನಹುಳ ಕಣಮ್ಮ” ಎಂದೆ.

“ಏನ್ಲಾ?”

“ಪಾಚಿ ತಿಂತಿದ್ದದ್ದು. ಬಸವನಹುಳ. ಕಲ್ಲೊಳಗಿತ್ತು.”

ಅಮ್ಮ ಎರಡು ಕಲ್ಲು ಆರಿಸಿ ಆಚೆ ಎಸೆದರು. “ಅದನ್ನೇನು ಮಾಡ್ದೆ?”

“ಮ್ಯಾಲಿನ ಟಬ್ಬಿಗೆ ಬಿಟ್ಟಿದೀನಿ.”

“ಸರಿ ಬುಡು. ಅದ್ಕೂ ಹೊಟ್ಟೆ ಐತಲ್ಲ.” ಮತ್ತೆ ಎರಡು ಕಲ್ಲು. “ಮೇಷ್ಟ್ರು ಎಂಗವ್ರೆ?”

“ಹೊಟ್ಟೆ ಒಳಕ್ಕೋಗೈತೆ. ನನ್ ಕೈಲಿ ತಿಂತಿಲ್ಲ.”

ಅಮ್ಮ ಮೊರವನ್ನು ಪಕ್ಕಕ್ಕಿಟ್ಟು, ಸೆರಗು ಕೊಡವಿಕೊಂಡು ಎದ್ದರು. ನಾಗರತ್ನ ಊಟ ಮಾಡಿಕೊಂಡು ಹೋಗಿ ಎಂದು ಎಷ್ಟು ಹೇಳಿದರೂ ನಿಲ್ಲಲಿಲ್ಲ. “ಉಪವಾಸ ಇರೋ ಪ್ರಾಣಿ ಮನೇಲಿಟ್ಕೊಂಡು ಇಲ್ಲಿ ಉಣ್ಣಕ್ಕಾಗ್ತದಾ?” ಎಂದರು. ನನ್ನ ಕಡೆ ತಿರುಗಿ, “ನಿನಗೋಸ್ಕರ ಬರ್ತಿಲ್ಲ” ಎಂದೂ ಹೇಳಿದರು.

ವಾಪಸು ಬರುವ ಬಸ್ಸಿನಲ್ಲಿ ಬ್ಯಾಗು ಅವರ ತೊಡೆಯ ಮೇಲೆಯೇ ಇತ್ತು. ಕುಣಿಗಲ್ ಕೆರೆ ಹಿಂದಾಯಿತು. ಬಹಳ ಹೊತ್ತಾದ ಮೇಲೆ, “ತಪ್ಪಾಯ್ತಮ್ಮ” ಎಂದೆ. ಇಂಜಿನ್ನಿನ ಸದ್ದಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೊಮ್ಮೆ ಹೇಳಿದೆ.

“ಕೇಳುಸ್ತು” ಎಂದರು ಅಮ್ಮ, ಕಿಟಕಿಯ ಕಡೆ ನೋಡುತ್ತಲೇ. “ನಿಮ್ಮಪ್ಪ ಸಾಯೋಗಂಟ ನಾನು ಕಾದೆ, ಆ ಮಾತ್ಗೆ. ಒಂದ್ಸಲ ಅಂದ್ರೆ ಅನ್ನಲಿಲ್ಲ.”

ಆಮೇಲೆ ಬ್ಯಾಗನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟರು. ಅದು ತುಂಬಾ ಭಾರವಿತ್ತು, ನಾಗರತ್ನ ತೆಂಗಿನಕಾಯಿ ತುಂಬಿದ್ದಳು. ತುಮಕೂರಿನವರೆಗೂ ಹಾಗೇ ಹಿಡಿದುಕೊಂಡು ಬಂದೆ.

ಮನೆಗೆ ಬಂದವರೇ ಕಾಲು ತೊಳೆದು ಅಮ್ಮ ತೊಟ್ಟಿಯ ಮುಂದೆ ನಿಂತರು. ನೀರಿಗೆ ಕೈ ಹಾಕಲಿಲ್ಲ, ಗಾಜನ್ನೂ ಮುಟ್ಟಲಿಲ್ಲ. ಸುಮ್ಮನೆ ನಿಂತರು. ಸಂದಿಯಿಂದ ಮೊದಲು ಎರಡು ಕಣ್ಣು ಹೊರಗೆ ಬಂದವು. ಆಮೇಲೆ ಮೇಷ್ಟ್ರು ಕುಪ್ಪಳಿಸಿಕೊಂಡು ಬಂದು ಎಡಮೂಲೆಯ ತಮ್ಮ ಕಲ್ಲಿನ ಮೇಲೆ ಕೂತು, ಅಮ್ಮನ ಮುಖವನ್ನೇ ನೋಡಿದರು. ನಾನು ಕಚೇರಿಯಲ್ಲಿ ಎಷ್ಟೋ ಸಾಕ್ಷಿಗಳನ್ನು ನೋಡಿದ್ದೇನೆ. ಇಷ್ಟು ಚೊಕ್ಕವಾಗಿ ಯಾರೂ ಸಾಕ್ಷಿ ನುಡಿದದ್ದು ನೆನಪಿಲ್ಲ.

“ನನ್ ಬ್ರಷ್ ಎಲ್ಲಿಟ್ಟಿದೀಯ?” ಎಂದರು ಅಮ್ಮ.

ಬೀರು ತೆಗೆದು ಕವರ್ ತಂದುಕೊಟ್ಟೆ. ಚೀಟಿ ಕಿತ್ತು ಕೊಡಬೇಕೆಂದು ಹೊಳೆಯಲೇ ಇಲ್ಲ. ಅಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಚೀಟಿಯನ್ನು ಬೆಳಕಿಗೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ, ತುಟಿಯಲ್ಲೇ ಪೂರ್ತಿ ಓದಿದರು.

“ಆಪಾದಿತರು ಅಂದ್ರೆ ನಾನೇ ಏನ್ಲಾ?”

“ಹ್ಞೂಂ ಕಣಮ್ಮ.”

“‘ರು’ ಹಾಕಿದೀಯಲ್ಲ, ಮರ್ಯಾದೆ ಕೊಟ್ಟಿದೀಯ ಬುಡು” ಎಂದು ಬ್ರಷ್ಷು ತೆಗೆದುಕೊಂಡು ಕವರನ್ನು ನನ್ನ ಕೈಗೇ ವಾಪಸು ಕೊಟ್ಟರು. ಹಿಂದಿನ ಗಾಜಿನಿಂದ ಒಂದು ಪಟ್ಟಿ ಹಸಿರು ಎತ್ತಿಕೊಂಡರು. ಗಾಜಿನ ಮೇಲೆ ನನ್ನ ಮಾರ್ಕರ್ ಗೆರೆ ಹಾಗೇ ಇತ್ತು. ಬ್ರಷ್ಷು ಅದನ್ನು ದಾಟಿ ಹೋಯಿತು.

“ಪಕ್ಕಕ್ಕೆ ನಿಂತ್ಕೋ” ಎಂದರು. “ನೀನು ಹಿಂಗೆ ಬಗ್ಗಿ ನೋಡ್ತಾ ಇದ್ರೆ ಮೇಷ್ಟ್ರು ಎಂಗ್ ತಿಂದಾರು?”

ನಾನು ಪಕ್ಕಕ್ಕೆ ನಿಂತೆ.